ಫ್ರಿಜ್, ಎಸಿ, ಫ್ಯಾನ್ ಮೇಲಿನ ಸ್ಟಾರ್ ಲೇಬಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಿಜ್ ಕೊಳ್ಳಲು ಹೊರಟವರು, ಎಸಿ ಹಾಕಿಸೋಣವಾ ಅಂತ ಯೋಚಿಸುತ್ತಿರುವವರು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಅವನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ನಮ್ಮ ಸ್ಟಾರ್ ಲೇಬಲ್ ಜೊತೆಗೆ ಬೇರೆ ದೇಶಗಳ ವಿಷಯವೂ ಇದೆ. ಅವರು ಏನು ಮಾಡಿದರು ಅಂತ ನೋಡಿದರೆ ನಮ್ಮ ಲೇಬಲ್ ಎಲ್ಲಿ ಗಟ್ಟಿ, ಎಲ್ಲಿ ಕೊರತೆ ಅನ್ನುವುದು ಚೆನ್ನಾಗಿ ತಿಳಿಯುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಟಾರ್ ಎಣಿಸುವುದಕ್ಕಿಂತ ಅಲ್ಲೇ ಬರೆದಿರುವ ಯೂನಿಟ್ ಓದುವುದು ಮುಖ್ಯ.

ಈ ಸ್ಟಾರ್ ಕೊಡುವವರು ಯಾರು? ಕಂಪನಿಯವರೇ ಅಂಟಿಸಿಕೊಳ್ಳುತ್ತಾರಾ?

ಅಂಟಿಸುವುದು ಕಂಪನಿ. ನಿಯಮ ಮಾಡುವುದು ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ, ಅಂದರೆ ಬಿಇಇ. ಕೇಂದ್ರದ ವಿದ್ಯುತ್ ಸಚಿವಾಲಯದ ಕೆಳಗೆ ಬರುವ ಸಂಸ್ಥೆ ಇದು. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ 2002ರ ಮಾರ್ಚ್‌ನಲ್ಲಿ ಶುರುವಾಯಿತು. ಸ್ಟಾರ್ ಲೇಬಲ್ ಬಂದದ್ದು 2006ರಲ್ಲಿ. ಮೊದಲು ಫ್ರಿಜ್ ಮತ್ತು ಟ್ಯೂಬ್‌ಲೈಟ್‌ಗೆ, ಅದೂ ಇಷ್ಟ ಇದ್ದ ಕಂಪನಿಗಳಿಗೆ ಮಾತ್ರ. 2010ರ ಜನವರಿಯಿಂದ ಎಸಿ, ಫ್ರಾಸ್ಟ್ ಫ್ರೀ (ಒಳಗೆ ಐಸ್ ಕಟ್ಟದ) ಫ್ರಿಜ್, ಟ್ಯೂಬ್‌ಲೈಟ್ ಮತ್ತು ಬೀದಿಯ ಟ್ರಾನ್ಸ್‌ಫಾರ್ಮರ್‌ಗಳಿಗೆ ಕಡ್ಡಾಯವಾಯಿತು. ಆಮೇಲೆ ಸಿಂಗಲ್ ಡೋರ್ ಫ್ರಿಜ್, ಟಿವಿ, ಗೀಸರ್, ಎಲ್‌ಇಡಿ ಬಲ್ಬ್ ಹೀಗೆ ಪಟ್ಟಿ ಬೆಳೆಯಿತು.

ಕಂಪನಿ ತನ್ನ ಮಾಡೆಲನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಬಿಇಇಯಲ್ಲಿ ನೋಂದಣಿ ಮಾಡಿಸಬೇಕು. ಆಮೇಲೆಯೇ ಲೇಬಲ್.

ಐಎಸ್‌ಐ ಮಾರ್ಕ್ ಇದೆಯಲ್ಲ, ಅದು ಸಾಲದಾ?

ಅದು ಬೇರೆ. ಐಎಸ್‌ಐ ಮಾರ್ಕ್ ಹೇಳುವುದು ಸುರಕ್ಷತೆ ಮತ್ತು ಗುಣಮಟ್ಟದ ಬಗ್ಗೆ. ಶಾಕ್ ಹೊಡೆಯಬಾರದು, ಸುಟ್ಟುಹೋಗಬಾರದು. ಎಷ್ಟು ಕರೆಂಟ್ ಕುಡಿಯುತ್ತದೆ ಅನ್ನುವುದಕ್ಕೆ ಸ್ಟಾರ್ ಲೇಬಲ್ ನೋಡಬೇಕು.

ಲೇಬಲ್ ಬೇರೆ, ಕನಿಷ್ಠ ಮಾನದಂಡ ಬೇರೆ ಅಂತಾರೆ. ಏನು ವ್ಯತ್ಯಾಸ?

ಎಸ್‌ಎಸ್‌ಎಲ್‌ಸಿ ನೆನಪಿಸಿಕೊಳ್ಳಿ. ಮಾನದಂಡ ಅಂದರೆ ಪಾಸ್ ಮಾರ್ಕು, ಲೇಬಲ್ ಅಂದರೆ ಮಾರ್ಕ್ಸ್ ಕಾರ್ಡು. ಪಾಸ್ ಮಾರ್ಕು ಬಾರದ ಯಂತ್ರವನ್ನು ಮಾರುವ ಹಾಗೇ ಇಲ್ಲ. ಪಾಸಾದವುಗಳಲ್ಲಿ ಯಾವುದು ಚೆನ್ನಾಗಿದೆ ಅಂತ ಮಾರ್ಕ್ಸ್ ಕಾರ್ಡು ಹೇಳುತ್ತದೆ.

ಎರಡೂ ಬೇಕು. ಆದರೆ ನನ್ನನ್ನು ಕೇಳಿದರೆ ಪಾಸ್ ಮಾರ್ಕಿನ ಕೆಲಸವೇ ದೊಡ್ಡದು. ಲೇಬಲ್ ಓದುವವರಿಗೆ ಮಾತ್ರ ಲೇಬಲ್‌ನಿಂದ ಲಾಭ. ಓದಲು ಬಾರದ ಅಜ್ಜಿಗೆ, ಅಂಗಡಿಯವನು ಕೊಟ್ಟದ್ದನ್ನು ತಂದುಕೊಳ್ಳುವವರಿಗೆ, ಮಾಲೀಕರು ಹಾಕಿಸಿದ ಗೀಸರ್‌ಗೆ ತಾನು ಬಿಲ್ ಕಟ್ಟುವ ಬಾಡಿಗೆದಾರನಿಗೆ ಲಾಭ ಸಿಗುವುದು ಪಾಸ್ ಮಾರ್ಕಿನಿಂದ. ಕೆಟ್ಟ ಯಂತ್ರ ಮಾರುಕಟ್ಟೆಗೇ ಬರದಿದ್ದರೆ ಯಾರೂ ಮೋಸ ಹೋಗುವುದಿಲ್ಲ. ಭಾರತದಲ್ಲಿ 1 ಸ್ಟಾರ್‌ನ ಗೆರೆಯೇ ಈ ಪಾಸ್ ಮಾರ್ಕು.

ಇಂದು 100ಕ್ಕೂ ಹೆಚ್ಚು ದೇಶಗಳಲ್ಲಿ ಇಂಥ ನಿಯಮಗಳಿವೆ.

5 ಸ್ಟಾರ್ ಇದ್ದರೆ ಆಯಿತಲ್ಲ, ಇನ್ನೇನು ನೋಡಬೇಕು?

ಸ್ಟಾರ್ ಕೊಡುವುದು ಒಂದೇ ಜಾತಿಯ, ಒಂದೇ ಅಳತೆಯ ಯಂತ್ರಗಳ ನಡುವೆ ಹೋಲಿಸಿ. ದೊಡ್ಡ ಫ್ರಿಜ್‌ಗೆ ದೊಡ್ಡ ಲೆಕ್ಕ, ಸಣ್ಣದಕ್ಕೆ ಸಣ್ಣ ಲೆಕ್ಕ. ಫ್ರಾಸ್ಟ್ ಫ್ರೀಗೆ ಒಂದು ಪಟ್ಟಿ, ಐಸ್ ಕಟ್ಟುವ ಸಿಂಗಲ್ ಡೋರ್‌ಗೆ ಇನ್ನೊಂದು ಪಟ್ಟಿ. ಹಾಗಾಗಿ 2 ಸ್ಟಾರ್ ಇರುವ ಪುಟ್ಟ ಫ್ರಿಜ್‌ ಮೇಲೆ ವರ್ಷಕ್ಕೆ 180 ಯೂನಿಟ್ ಅಂತಲೂ, 3 ಸ್ಟಾರ್ ಇರುವ ದೊಡ್ಡ ಡಬಲ್ ಡೋರ್ ಮೇಲೆ 250 ಯೂನಿಟ್ ಅಂತಲೂ ಬರೆದಿರಬಹುದು. ಸ್ಟಾರ್ ಜಾಸ್ತಿ, ಕರೆಂಟೂ ಜಾಸ್ತಿ! ಇದರಲ್ಲಿ ಸುಳ್ಳೇನೂ ಇಲ್ಲ. ಲೇಬಲ್ ಕೇಳಿದ ಪ್ರಶ್ನೆ ಬೇರೆ, ನಿಮ್ಮ ಮನೆಯ ಪ್ರಶ್ನೆ ಬೇರೆ, ಅಷ್ಟೇ.

ಅದಕ್ಕೇ ಮೊದಲು ಮನೆಗೆ ಎಷ್ಟು ಲೀಟರ್ ಬೇಕು ಅಂತ ನಿರ್ಧಾರ ಮಾಡಿ. ಮೂರು ಜನರ ಮನೆಗೆ, ದಿನಾ ಸೊಪ್ಪು ತರಕಾರಿ ಕೊಳ್ಳುವವರಿಗೆ 500 ಲೀಟರಿನ ಫ್ರಿಜ್ ಬೇಡ. ಅಳತೆ ಗೊತ್ತಾದ ಮೇಲೆ ಆ ಅಳತೆಯ ಮಾಡೆಲ್‌ಗಳ ಲೇಬಲ್ ಮೇಲಿನ ವಾರ್ಷಿಕ ಯೂನಿಟ್ ಹೋಲಿಸಿ. ಯೂನಿಟ್‌ಗೆ 6 ರೂಪಾಯಿ ಅಂತ ಇಟ್ಟುಕೊಂಡು ಯೂನಿಟ್ಟನ್ನು 6ರಿಂದ ಗುಣಿಸಿದರೆ ವರ್ಷದ ಖರ್ಚು ರೂಪಾಯಿಯಲ್ಲಿ ಅಂದಾಜಾಗಿ ಸಿಗುತ್ತದೆ. ಫ್ರಿಜ್ ಹತ್ತು ಹದಿನೈದು ವರ್ಷ ಹಗಲೂ ರಾತ್ರಿ ಓಡುವ ಯಂತ್ರ. ಈ ಸಣ್ಣ ಗುಣಾಕಾರಕ್ಕೆ ಬೆಲೆ ಇದೆ.

ಲೇಬಲ್ ಮೇಲೆ ಅದು ಯಾವ ಅವಧಿಯದು ಅಂತಲೂ ಇರುತ್ತದೆ. ಅದನ್ನೂ ನೋಡಿ. ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿದೆ.

2019ರಲ್ಲಿ ಕೊಂಡ ನನ್ನ 5 ಸ್ಟಾರ್ ಎಸಿ 2022ರ ಲೆಕ್ಕದಲ್ಲಿ 4 ಸ್ಟಾರ್ ಅಂತಾರೆ. ಇದು ಮೋಸ ಅಲ್ವಾ?

ಅಲ್ಲ. ನಿಮ್ಮ ಎಸಿ ಹಾಳಾಗಿಲ್ಲ, ಗೆರೆ ಮೇಲಕ್ಕೆ ಹೋಗಿದೆ. ಎಸಿಯ ದಕ್ಷತೆಯನ್ನು ಐಎಸ್‌ಇಇಆರ್ ಅನ್ನುವ ಸಂಖ್ಯೆಯಲ್ಲಿ ಹೇಳುತ್ತಾರೆ. ಒಂದು ಸೀಸನ್‌ನಲ್ಲಿ ಕೋಣೆಯಿಂದ ಹೊರಹಾಕಿದ ಶಾಖವನ್ನು ಅದಕ್ಕೆ ಬಳಸಿದ ಕರೆಂಟಿನಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 2018ರಿಂದ 2022ರ ಜೂನ್‌ವರೆಗೆ ಸ್ಪ್ಲಿಟ್ ಎಸಿಗೆ 4.5 ಬಂದರೆ 5 ಸ್ಟಾರ್ ಸಿಗುತ್ತಿತ್ತು. 2022ರ ಜುಲೈ 1ರಿಂದ 5.0 ಬೇಕಾಯಿತು. 4.6 ಇದ್ದ ಎಸಿ ಒಂದೇ ರಾತ್ರಿಯಲ್ಲಿ 4 ಸ್ಟಾರ್‌ಗೆ ಇಳಿಯಿತು. ಹಾಗೆ ಆಗಲೇಬೇಕು. ಎಲ್ಲರಿಗೂ ನೂರಕ್ಕೆ ನೂರು ಬಂದರೆ ಆ ಪರೀಕ್ಷೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಗೆರೆ ಏರಿಸದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಯುರೋಪ್ ಸಾಕ್ಷಿ. ಅಲ್ಲಿ 1992ರಲ್ಲಿ ಕಾನೂನು ಮಾಡಿ, 1995ರಿಂದ ಫ್ರಿಜ್‌ಗಳಿಗೆ ಎ ಇಂದ ಜಿ ವರೆಗೆ ಅಕ್ಷರ ಕೊಟ್ಟರು. ಹಸಿರು ಪಟ್ಟಿ ಎ, ಕೆಂಪು ಪಟ್ಟಿ ಜಿ. ಜನ ಎ ಹುಡುಕಿದರು, ಕಂಪನಿಗಳು ಎ ಮಾಡಿದವು. ಕೆಲವೇ ವರ್ಷಗಳಲ್ಲಿ ಎಲ್ಲವೂ ಎ. ಆಗ ಗೆರೆ ಏರಿಸುವ ಬದಲು ಮೇಲೆ ಇನ್ನಷ್ಟು ಮೆಟ್ಟಿಲು ಕಟ್ಟಿದರು. ಎ ಪ್ಲಸ್, ಎ ಪ್ಲಸ್ ಪ್ಲಸ್, ಕೊನೆಗೆ ಎ ಪ್ಲಸ್ ಪ್ಲಸ್ ಪ್ಲಸ್. ಅಷ್ಟರಲ್ಲಿ ಎ ಪ್ಲಸ್‌ಗಿಂತ ಕೆಳಗಿನ ಸಾಮಾನ್ಯ ಫ್ರಿಜ್‌ಗಳನ್ನು ಮಾರುಕಟ್ಟೆಗೆ ತರುವುದನ್ನೇ ನಿಲ್ಲಿಸಿದ್ದರು. ಅಂದರೆ ಎ ಪ್ಲಸ್ ಅನ್ನುವುದೇ ಅಂಗಡಿಯ ಅತಿ ಕೆಟ್ಟ ಫ್ರಿಜ್! ಕೊಳ್ಳುವವರು ಮಾತ್ರ ಎ ಅಂದರೆ ಒಳ್ಳೆಯದೇ ಅಂದುಕೊಂಡು ತರುತ್ತಿದ್ದರು.

2017ರಲ್ಲಿ ಹೊಸ ಕಾನೂನು ಮಾಡಿ, 2021ರ ಮಾರ್ಚ್ 1ರಿಂದ ಪ್ಲಸ್‌ಗಳನ್ನೆಲ್ಲ ಕಿತ್ತುಹಾಕಿದರು. ಮತ್ತೆ ಎ ಇಂದ ಜಿ. ನಿನ್ನೆಯ ಮೂರು ಪ್ಲಸ್‌ನ ಎಷ್ಟೋ ಫ್ರಿಜ್‌ಗಳಿಗೆ ಸಿ, ಡಿ ಬಂತು. ಶುರುವಿನಲ್ಲಿ ಎ ಸ್ಥಾನವನ್ನು ಬೇಕೆಂದೇ ಹೆಚ್ಚುಕಡಿಮೆ ಖಾಲಿ ಬಿಟ್ಟಿದ್ದರು, ಮುಂದೆ ಬರುವ ಒಳ್ಳೆಯ ಯಂತ್ರಗಳಿಗೆ ಜಾಗ ಇರಲಿ ಅಂತ. ನಮ್ಮಲ್ಲಿ ಆಗಾಗ ಸ್ಟಾರ್ ಗೆರೆ ಏರಿಸುವ ಪದ್ಧತಿ ಮೊದಲಿನಿಂದ ಇರುವುದು ಒಳ್ಳೆಯದು. ಇನ್ನೂ ಬೇಗ ಏರಿಸಬೇಕು ಅನ್ನುವುದು ನನ್ನ ಆಸೆ.

ಎಸಿ 3 ಸ್ಟಾರ್ ಸಾಕಾ, 5 ಸ್ಟಾರೇ ಬೇಕಾ?

ನೀವು ಎಲ್ಲಿದ್ದೀರಿ, ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಲೇಬಲ್ ಮೇಲಿನ ಯೂನಿಟ್ ವರ್ಷಕ್ಕೆ 1600 ಗಂಟೆ ಓಡಿಸಿದರೆ ಅನ್ನುವ ಲೆಕ್ಕ. ಇಡೀ ದೇಶಕ್ಕೆ ಒಂದೇ ಲೆಕ್ಕ.

ಒಂದು ಉದಾಹರಣೆ ಹಾಕೋಣ. ಒಂದು ಎಸಿಯ ಲೇಬಲ್‌ನಲ್ಲಿ 1000 ಯೂನಿಟ್, ಇನ್ನೊಂದರಲ್ಲಿ 750. ಎರಡನೆಯದಕ್ಕೆ 9000 ರೂಪಾಯಿ ಜಾಸ್ತಿ. ಯೂನಿಟ್‌ಗೆ 6 ರೂಪಾಯಿ ಅಂದರೆ ವರ್ಷಕ್ಕೆ 1500 ರೂಪಾಯಿ ಉಳಿತಾಯ, ಆರು ವರ್ಷದಲ್ಲಿ ಅಸಲು ವಾಪಸ್. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹಗಲೂ ರಾತ್ರಿ ಎಸಿ ಬೇಕು. ಅಲ್ಲಿ ಈ ಲೆಕ್ಕ ಸರಿಯಾಗಿ ಕೂರುತ್ತದೆ, 5 ಸ್ಟಾರ್ ಕಣ್ಣು ಮುಚ್ಚಿ ತಗೊಳ್ಳಿ. ಮಂಗಳೂರಿನ ಸೆಕೆಗೂ ಅದೇ ಮಾತು. ಬೆಂಗಳೂರಿನಲ್ಲಿ ಮಾರ್ಚ್‌ನಿಂದ ಮೇ ತನಕ ರಾತ್ರಿ ಹೊತ್ತು ಮಾತ್ರ ಹಾಕಿ, ಒಟ್ಟು 400 ಗಂಟೆ ಓಡಿಸುತ್ತೀರಿ ಅಂದುಕೊಳ್ಳಿ. ಆಗ ಉಳಿತಾಯ ವರ್ಷಕ್ಕೆ 375 ರೂಪಾಯಿ. ಅಸಲು ಬರಲು 24 ವರ್ಷ. ಎಸಿ ಅಷ್ಟು ಬಾಳಿಕೆ ಬರುವುದಿಲ್ಲ. ಅಂಥವರಿಗೆ 3 ಸ್ಟಾರ್ ಇನ್ವರ್ಟರ್ ಎಸಿ (ಬೇಕಾದಷ್ಟಕ್ಕೆ ಕಂಪ್ರೆಸರ್ ವೇಗ ತಗ್ಗಿಸಿಕೊಳ್ಳುವಂಥದ್ದು) ಸಾಕು. ಉಳಿದ ಹಣದಲ್ಲಿ ಕಿಟಕಿಗೆ ಒಳ್ಳೆಯ ಪರದೆ ಹಾಕಿಸಿ, ತಾರಸಿಗೆ ಬಿಳಿ ಬಣ್ಣ ಬಳಿಸಿ.

ಆಸ್ಟ್ರೇಲಿಯಾದವರು ಈ ಕೊರತೆಯನ್ನು ಚೆನ್ನಾಗಿ ಸರಿಮಾಡಿದ್ದಾರೆ. 2019ರಿಂದ ಅಲ್ಲಿನ ಎಸಿ ಲೇಬಲ್ ಮೇಲೆ ಮೂರು ವಲಯಗಳ ನಕ್ಷೆ ಇರುತ್ತದೆ: ಬಿಸಿ ಪ್ರದೇಶ, ಸಾಧಾರಣ ಪ್ರದೇಶ, ಚಳಿ ಪ್ರದೇಶ. ಒಂದೇ ಎಸಿಗೆ ಮೂರು ಕಡೆ ಬೇರೆ ಬೇರೆ ಸ್ಟಾರ್. ಅಮೆರಿಕದಲ್ಲೂ 2015ರಿಂದ ಸೆಂಟ್ರಲ್ ಎಸಿಗಳಿಗೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಮಾನದಂಡ ಇದೆ. ಮಡಿಕೇರಿಗೂ ರಾಯಚೂರಿಗೂ ಒಂದೇ ಲೇಬಲ್ ಇಟ್ಟುಕೊಂಡಿರುವ ನಾವು ಇದನ್ನು ಮಾಡಲೇಬೇಕು.

ಇನ್ನೊಂದು ವಿಷಯ. 2020ರ ಜನವರಿಯಿಂದ ಭಾರತದಲ್ಲಿ ಮಾರುವ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಅನ್ನುವ ನಿಯಮ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6% ಕರೆಂಟ್ ಉಳಿಯುತ್ತದೆ ಅನ್ನುವುದು ಬಿಇಇ ಲೆಕ್ಕ. 5 ಸ್ಟಾರ್ ಎಸಿ ತಂದು 18ಕ್ಕೆ ಇಟ್ಟು ಕಂಬಳಿ ಹೊದ್ದು ಮಲಗಿದರೆ ಸ್ಟಾರ್‌ಗೆ ಕೊಟ್ಟ ದುಡ್ಡು ಸುಮ್ನೆ ದಂಡ.

ಫ್ಯಾನ್‌ಗೂ ಸ್ಟಾರ್ ನೋಡಬೇಕಾ? ಎಷ್ಟು ಮಹಾ ಉಳಿಯುತ್ತದೆ?

ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಬೇಗ ಲಾಭ ತರುವುದು ಇದೇ. ಮಾಮೂಲಿ ಸೀಲಿಂಗ್ ಫ್ಯಾನ್ 70ರಿಂದ 75 ವ್ಯಾಟ್ ಎಳೆಯುತ್ತದೆ. ರಿಮೋಟ್ ಜೊತೆ ಬರುವ ಬಿಎಲ್‌ಡಿಸಿ ಫ್ಯಾನ್ ಅಷ್ಟೇ ಗಾಳಿಗೆ 30 ವ್ಯಾಟ್ ಆಸುಪಾಸು. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿದರೆ 162 ಯೂನಿಟ್ ಉಳಿಯುತ್ತದೆ, ಅಂದರೆ ಸುಮಾರು 970 ರೂಪಾಯಿ. ಹೆಚ್ಚಿಗೆ ಕೊಟ್ಟ ದುಡ್ಡು ಒಂದೆರಡು ವರ್ಷದಲ್ಲೇ ವಾಪಸ್.

ಹಳೆಯ ಫ್ಯಾನ್ ಯಾಕೆ ಅಷ್ಟು ಎಳೆಯುತ್ತದೆ ಗೊತ್ತಾ? ಗಂಟೆಗಟ್ಟಲೆ ಓಡಿದ ಫ್ಯಾನ್ ಆಫ್ ಮಾಡಿ, ನಿಂತ ಮೇಲೆ ನಡುವಿನ ಗುಂಡನೆಯ ಭಾಗ ಮುಟ್ಟಿ ನೋಡಿ. ಬಿಸಿ ಇರುತ್ತದೆ. ನೀವು ದುಡ್ಡು ಕೊಟ್ಟ ಕರೆಂಟಿನ ದೊಡ್ಡ ಪಾಲು ಆ ಬಿಸಿಗೇ ಹೋಗುತ್ತಿದೆ. ಬಿಎಲ್‌ಡಿಸಿ ಮೋಟಾರಿನ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತ ಇರುವುದರಿಂದ ಆ ನಷ್ಟ ಬಹಳ ಕಡಿಮೆ.

ಇಷ್ಟು ಮುಖ್ಯವಾದ ಫ್ಯಾನ್‌ಗೆ ಸ್ಟಾರ್ ಕಡ್ಡಾಯವಾದದ್ದು 2023ರ ಜನವರಿಯಲ್ಲಿ. ಎಸಿಗೆ 2010ರಲ್ಲೇ ಆಗಿತ್ತು. ಎಸಿ ಇರುವ ಮನೆ ಎಷ್ಟು, ಫ್ಯಾನ್ ಇರುವ ಮನೆ ಎಷ್ಟು ಅಂತ ಯೋಚಿಸಿದರೆ ಇದು ತೀರಾ ತಡವಾಯಿತು.

ಗೀಸರ್‌ನಲ್ಲಿ 5 ಸ್ಟಾರ್ ಅಂದರೆ ನೀರು ಬೇಗ ಕಾಯುತ್ತದಾ?

ಇಲ್ಲ. 25 ಲೀಟರ್ ನೀರನ್ನು 35 ಡಿಗ್ರಿ ಏರಿಸಲು ಯಾವ ಗೀಸರ್‌ಗಾದರೂ ಸುಮಾರು ಒಂದು ಯೂನಿಟ್ ಬೇಕೇ ಬೇಕು. ಅದರಿಂದ ತಪ್ಪಿಸಿಕೊಳ್ಳಲು ದಾರಿ ಇಲ್ಲ. ಸ್ಟೋರೇಜ್ ಗೀಸರ್‌ನ ಸ್ಟಾರ್ ಹೇಳುವುದು ಕಾದ ನೀರು ಟ್ಯಾಂಕಿನಲ್ಲಿ ಸುಮ್ಮನೆ ನಿಂತಾಗ ದಿನಕ್ಕೆ ಎಷ್ಟು ಶಾಖ ಸೋರಿಹೋಗುತ್ತದೆ ಅಂತ. ಬೆಳಿಗ್ಗೆ ಸ್ವಿಚ್ ಹಾಕಿ, ಸ್ನಾನ ಆದ ಮೇಲೆ ಆರಿಸುವ ಮನೆಯಲ್ಲಿ ಸ್ಟಾರ್‌ನಿಂದ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಇಡೀ ದಿನ ಆನ್ ಇಡುವ ಹಾಸ್ಟೆಲ್, ಪಿಜಿಗಳಲ್ಲಿ ಕಾಣುತ್ತದೆ. ಬಿಸಿಲು ಬೀಳುವ ತಾರಸಿ ಇದ್ದರೆ ಸೋಲಾರ್ ಹಾಕಿಸುವುದೇ ಮೇಲು.

ಇದೆಲ್ಲ ಶುರುವಾದದ್ದು ಎಲ್ಲಿ?

ನನಗೆ ಬಹಳ ಇಷ್ಟವಾದ ಕಥೆ ಕ್ಯಾಲಿಫೋರ್ನಿಯಾದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಕರೆಂಟ್ ಅಗ್ಗ. ಫ್ರಿಜ್ ಮಾಡುವವರು ಒಳಗೆ ಜಾಗ ಜಾಸ್ತಿ ಸಿಗಲಿ ಅಂತ ಗೋಡೆಯ ನಿರೋಧಕ ಪದರ ತೆಳ್ಳಗೆ ಮಾಡಿದರು, ಅಗ್ಗದ ಮೋಟಾರ್ ಹಾಕಿದರು. ಫ್ರಿಜ್ ಕುಡಿಯುವ ಕರೆಂಟ್ ವರ್ಷದಿಂದ ವರ್ಷಕ್ಕೆ ಏರಿ, 1970ರ ದಶಕದ ಮೊದಲ ವರ್ಷಗಳಲ್ಲಿ ಹೊಸ ಫ್ರಿಜ್ ಒಂದಕ್ಕೆ ವರ್ಷಕ್ಕೆ ಸುಮಾರು 1800 ಯೂನಿಟ್ ಬೇಕಾಗುತ್ತಿತ್ತು.

1973ರ ಕೊನೆಯಲ್ಲಿ ತೈಲ ಬಿಕ್ಕಟ್ಟು ಬಂತು. ಬರ್ಕ್ಲಿಯಲ್ಲಿ ಆರ್ಥರ್ ರೋಸೆನ್‌ಫೆಲ್ಡ್ ಅನ್ನುವ ಭೌತವಿಜ್ಞಾನಿ ಇದ್ದರು, ಹೆಸರಾಂತ ಭೌತವಿಜ್ಞಾನಿ ಎನ್ರಿಕೋ ಫರ್ಮಿಯ ಶಿಷ್ಯ. ನವೆಂಬರಿನ ಒಂದು ಶುಕ್ರವಾರ ರಾತ್ರಿ ಮನೆಗೆ ಹೊರಟಾಗ ತಮ್ಮ ಮಹಡಿಯ ಖಾಲಿ ಕೋಣೆಗಳಲ್ಲೆಲ್ಲ ದೀಪ ಉರಿಯುತ್ತಿರುವುದನ್ನು ಕಂಡರು. ಆರಿಸೋಣ ಅಂದರೆ ಸ್ವಿಚ್ಚೇ ಸಿಗಲಿಲ್ಲ. ಫೈಲ್ ಬೀರುವಿನ ಹಿಂದೆ, ಪುಸ್ತಕದ ಕಪಾಟಿನ ಹಿಂದೆ, ಪೋಸ್ಟರ್ ಕೆಳಗೆ ಮುಚ್ಚಿಹೋಗಿದ್ದವು. ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಅವರು ಕಣ ಭೌತವಿಜ್ಞಾನ ಬಿಟ್ಟು ಇಂಧನ ಉಳಿತಾಯದ ಲೆಕ್ಕಕ್ಕೆ ಇಳಿದರು. ಹೊಸ ವಿದ್ಯುತ್ ಸ್ಥಾವರ ಕಟ್ಟುವುದಕ್ಕಿಂತ ಒಳ್ಳೆಯ ಫ್ರಿಜ್ ಮಾಡಿಸುವುದು ಅಗ್ಗ ಅಂತ ಅಂಕಿ ಸಮೇತ ತೋರಿಸಿದರು.

1974ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಇಂಧನ ಆಯೋಗ ಸ್ಥಾಪಿಸಿತು. ಆ ದಶಕದಲ್ಲೇ ಫ್ರಿಜ್‌ಗೆ ಮಾನದಂಡ ಬಂತು. ಬೇರೆ ರಾಜ್ಯಗಳೂ ತಮ್ಮದೇ ನಿಯಮ ಮಾಡತೊಡಗಿದವು. ಒಂದೊಂದು ರಾಜ್ಯಕ್ಕೆ ಒಂದೊಂದು ಫ್ರಿಜ್ ಮಾಡುವುದು ಕಂಪನಿಗಳಿಗೇ ತಲೆನೋವಾಗಿ, ಇಡೀ ದೇಶಕ್ಕೆ ಒಂದೇ ನಿಯಮ ಸಾಕು ಅಂದರು. 1987ರಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿದರು. 1990, 1993, 2001, 2014ರಲ್ಲಿ ಗೆರೆ ಏರುತ್ತಾ ಹೋಯಿತು. ನಾರಿನ ಪದರ ಹೋಗಿ ಪಾಲಿಯುರಿಥೇನ್ ಫೋಮ್ ಬಂತು, ಕಂಪ್ರೆಸರ್ ಸುಧಾರಿಸಿತು, ಬಾಗಿಲ ರಬ್ಬರ್ ಬಿಗಿಯಾಯಿತು. 2001ರ ಹೊತ್ತಿಗೆ ಮೊದಲಿಗಿಂತ ದೊಡ್ಡ ಫ್ರಿಜ್ ವರ್ಷಕ್ಕೆ 500 ಯೂನಿಟ್ ಸುತ್ತಮುತ್ತ ಓಡುತ್ತಿತ್ತು. ಹಣದುಬ್ಬರ ತೆಗೆದು ನೋಡಿದರೆ ಬೆಲೆಯೂ ಇಳಿದಿತ್ತು. ರೋಸೆನ್‌ಫೆಲ್ಡ್ 2017ರಲ್ಲಿ ತೀರಿಕೊಂಡರು. ಹೆಸರು ಕೇಳದಿದ್ದರೂ ಜಗತ್ತಿನ ಕೋಟಿಗಟ್ಟಲೆ ಮನೆಗಳು ಅವರಿಗೆ ಋಣಿ ಅಂತ ನಾನು ನಂಬುತ್ತೇನೆ.

ಜಪಾನಿನ ಟಾಪ್ ರನ್ನರ್ ಪದ್ಧತಿ ಅಂದರೆ ಏನು?

ಬೇರೆ ಕಡೆ ಸರ್ಕಾರ ಕನಿಷ್ಠ ಇಷ್ಟಿರಬೇಕು ಅನ್ನುತ್ತದೆ. ಜಪಾನ್ ತಿರುಗಿಸಿ ಯೋಚಿಸಿತು. 1998ರಲ್ಲಿ ಕಾನೂನು ತಿದ್ದಿ, ಮರುವರ್ಷದಿಂದ ಜಾರಿಗೆ ತಂದಿತು. ಇವತ್ತು ಮಾರುಕಟ್ಟೆಯಲ್ಲಿ ಇರುವ ಅತಿ ಒಳ್ಳೆಯ ಯಂತ್ರ ಯಾವುದು ಅಂತ ನೋಡುತ್ತಾರೆ. ಇಂತಿಷ್ಟು ವರ್ಷದೊಳಗೆ ಪ್ರತಿ ಕಂಪನಿ ಮಾರುವ ಯಂತ್ರಗಳ ಸರಾಸರಿ ಅದರ ಮಟ್ಟಕ್ಕೆ ಬರಬೇಕು. ಸರಾಸರಿ ಮಾತ್ರ, ಹಾಗಾಗಿ ಒಂದಷ್ಟು ಸಾಧಾರಣ ಮಾಡೆಲ್ ಮಾರಬಹುದು. ಆದರೆ ಅದನ್ನು ಸರಿದೂಗಿಸುವಷ್ಟು ಒಳ್ಳೆಯವನ್ನೂ ಮಾರಬೇಕು. ತಪ್ಪಿದ ಕಂಪನಿಗೆ ಮೊದಲು ಸಲಹೆ, ಕೇಳದಿದ್ದರೆ ಹೆಸರು ಬಹಿರಂಗ. ಜಪಾನಿನ ಕಂಪನಿಗಳಿಗೆ ಆ ಅವಮಾನವೇ ದೊಡ್ಡ ಶಿಕ್ಷೆ.

1997ರಿಂದ 2004ರೊಳಗೆ ಅಲ್ಲಿನ ಎಸಿಗಳ ದಕ್ಷತೆ ಸುಮಾರು 68% ಏರಿತು. ಅನ್ನ ಮಾಡುವ ಕುಕ್ಕರ್, ಬಿಸಿಯಾಗುವ ಟಾಯ್ಲೆಟ್ ಸೀಟು ಕೂಡ ಈ ಪಟ್ಟಿಯಲ್ಲಿವೆ. ತಮ್ಮ ಮನೆಗಳಲ್ಲಿ ನಿಜವಾಗಿ ಏನು ಓಡುತ್ತದೋ ಅದಕ್ಕೇ ನಿಯಮ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಮಿಕ್ಸಿ, ವೆಟ್ ಗ್ರೈಂಡರ್‌ಗಳ ಬಗ್ಗೆಯೂ ಹೀಗೇ ಗಟ್ಟಿಯಾಗಿ ಯೋಚಿಸಬೇಕು.

ನಾನು ಹೊರದೇಶದಲ್ಲಿದ್ದೇನೆ. ಅಲ್ಲಿನ ಲೇಬಲ್ ಓದುವುದು ಹೇಗೆ?

ಅಮೆರಿಕದಲ್ಲಿ ಹಳದಿ ಬಣ್ಣದ ಎನರ್ಜಿಗೈಡ್ ಲೇಬಲ್ ಇದೆ, 1980ರಿಂದ. ಸ್ಟಾರೂ ಇಲ್ಲ, ಅಕ್ಷರವೂ ಇಲ್ಲ. ವರ್ಷಕ್ಕೆ ಎಷ್ಟು ಡಾಲರ್ ಖರ್ಚು ಅಂತ ದೊಡ್ಡದಾಗಿ ಬರೆದಿರುತ್ತದೆ, ಅಂಥದೇ ಬೇರೆ ಮಾಡೆಲ್‌ಗಳ ಖರ್ಚು ಎಲ್ಲಿಂದ ಎಲ್ಲಿವರೆಗೆ ಅಂತ ಗೆರೆ ಎಳೆದು ತೋರಿಸಿರುತ್ತಾರೆ. ಅಲ್ಲಿನ ಎನರ್ಜಿ ಸ್ಟಾರ್ ಬೇರೆಯೇ ಯೋಜನೆ. 1992ರಲ್ಲಿ ಕಂಪ್ಯೂಟರ್‌ಗಳಿಂದ ಶುರುವಾಯಿತು, ಕಂಪನಿಗಳಿಗೆ ಕಡ್ಡಾಯವಲ್ಲ. ಒಳ್ಳೆಯ ಯಂತ್ರಕ್ಕೆ ಆ ನೀಲಿ ಗುರುತು ಸಿಗುತ್ತದೆ. ಇಲ್ಲದ್ದಕ್ಕೆ ಇಲ್ಲ.

ಯುರೋಪಿನಲ್ಲಿ ಲೇಬಲ್ ಮೇಲೆ ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ ಆ ಮಾಡೆಲ್‌ನ ಪೂರ್ತಿ ವಿವರ ಸರ್ಕಾರಿ ಡೇಟಾಬೇಸಿನಿಂದ ಬರುತ್ತದೆ. 2025ರ ಜೂನ್‌ನಿಂದ ಮೊಬೈಲ್ ಫೋನ್‌ಗೂ ಲೇಬಲ್ ಬಂದಿದೆ. ಆಸ್ಟ್ರೇಲಿಯಾದಲ್ಲಿ 1986ರಿಂದ ಸ್ಟಾರ್ ಪದ್ಧತಿ ಇದೆ, ಅಲ್ಲಿ ಸ್ಟಾರ್ ಆರು, ತೀರಾ ಒಳ್ಳೆಯದಕ್ಕೆ ಹತ್ತರವರೆಗೂ ಹೋಗುತ್ತದೆ. ದುಬೈ, ಅಬುಧಾಬಿ ಕಡೆ ನಮ್ಮ ಹಾಗೇ ಐದು ಸ್ಟಾರ್.

ಚೀನಾ, ಕೊರಿಯಾಗಳಲ್ಲಿ ಹುಷಾರು. ಅಲ್ಲಿ 1 ಅಂದರೆ ಅತಿ ಒಳ್ಳೆಯದು, 5 ಅಂದರೆ ಕೊನೆಯದು. ಥೈಲ್ಯಾಂಡಿನಲ್ಲಿ ಮಾತ್ರ 5 ಅಂದರೆ ಒಳ್ಳೆಯದು.

ಒಂದು ದೇಶದ ಸ್ಟಾರನ್ನು ಇನ್ನೊಂದು ದೇಶದ್ದಕ್ಕೆ ಹೋಲಿಸಬೇಡಿ. ಪರೀಕ್ಷೆ ಮಾಡುವ ಉಷ್ಣಾಂಶ, ಪಟ್ಟಿ, ಲೆಕ್ಕ ಎಲ್ಲವೂ ಬೇರೆ.

ಲ್ಯಾಬಿನ ಪರೀಕ್ಷೆಯನ್ನು ನಂಬಬಹುದಾ?

ಪರೀಕ್ಷೆ ಎಷ್ಟು ಚೆನ್ನಾಗಿದೆಯೋ ಲೇಬಲ್ ಅಷ್ಟು ನಿಜ. ಅಮೆರಿಕದಲ್ಲಿ ಫ್ರಿಜ್ಜನ್ನು ಬಾಗಿಲು ಮುಚ್ಚಿಯೇ ಪರೀಕ್ಷೆ ಮಾಡುತ್ತಾರೆ, ಆದರೆ 32 ಡಿಗ್ರಿ ಬಿಸಿಯ ಕೋಣೆಯಲ್ಲಿ. ಮನೆಯಲ್ಲಿ ಪದೇ ಪದೇ ಬಾಗಿಲು ತೆಗೆಯುವುದಕ್ಕೆ, ಬಿಸಿ ಸಾರು ಇಡುವುದಕ್ಕೆ ಆ ಹೆಚ್ಚಿನ ಬಿಸಿಯೇ ಬದಲಿ ಅಂತ ಅವರ ತರ್ಕ. ಇದೊಂದು ಒಪ್ಪಬಹುದಾದ ಉಪಾಯ.

ಎಲ್ಲ ಉಪಾಯವೂ ಹೀಗಿರುವುದಿಲ್ಲ. ಯುರೋಪಿನಲ್ಲಿ 2014ರ ಸೆಪ್ಟೆಂಬರ್‌ನಿಂದ ವ್ಯಾಕ್ಯೂಮ್ ಕ್ಲೀನರ್‌ಗೆ ಲೇಬಲ್ ಬಂತು. ಪರೀಕ್ಷೆ ಮಾಡುತ್ತಿದ್ದದ್ದು ಧೂಳಿನ ಚೀಲ ಖಾಲಿ ಇಟ್ಟು. ಆದರೆ ಮನೆಯಲ್ಲಿ ಚೀಲ ತುಂಬುತ್ತಾ ಹೋದ ಹಾಗೆ ಕೆಲವು ಯಂತ್ರಗಳ ಎಳೆತ ಕುಗ್ಗುತ್ತದೆ. ಚೀಲವೇ ಇಲ್ಲದ ಯಂತ್ರ ಮಾಡುವ ಡೈಸನ್ ಕಂಪನಿ ಕೋರ್ಟಿಗೆ ಹೋಯಿತು. 2018ರ ನವೆಂಬರ್‌ನಲ್ಲಿ ಯುರೋಪಿನ ಜನರಲ್ ಕೋರ್ಟ್ ಆ ಲೇಬಲ್ ನಿಯಮವನ್ನೇ ರದ್ದು ಮಾಡಿತು. ನಿಜವಾದ ಬಳಕೆಗೆ ಹತ್ತಿರವಾದ ಪರೀಕ್ಷೆ ಇಲ್ಲದೆ ಲೇಬಲ್ ನಿಲ್ಲುವುದಿಲ್ಲ ಅಂತ ಆಗ ಸ್ಪಷ್ಟವಾಯಿತು. 2019ರ ಜನವರಿಯಲ್ಲಿ ಅಂಗಡಿಗಳಿಂದ ಆ ಲೇಬಲ್ ಮಾಯವಾಯಿತು. ಇಂಥ ತಕರಾರುಗಳಿಂದ ಲೇಬಲ್ ಪದ್ಧತಿಗೆ ಒಳ್ಳೆಯದೇ ಆಗುತ್ತದೆ.

ಭಾರತದಲ್ಲಿ ಬಿಇಇ ಮಾರುಕಟ್ಟೆಯಿಂದ ಸ್ಯಾಂಪಲ್ ತೆಗೆದು ಸ್ವತಂತ್ರ ಲ್ಯಾಬಿನಲ್ಲಿ ಮರುಪರೀಕ್ಷೆ ಮಾಡಿಸುತ್ತದೆ. ಈ ಕೆಲಸ ಎಷ್ಟು ಹೆಚ್ಚಾದರೂ ಸಾಲದು.

ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಕಲ್ವಾ, ಸ್ವಿಚ್ ಯಾಕೆ ಆರಿಸಬೇಕು?

ಟಿವಿ ಆಫ್ ಆದ ಎಷ್ಟೋ ಹೊತ್ತಿನ ಮೇಲೆ ಸೆಟ್‌ಟಾಪ್ ಬಾಕ್ಸ್ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. 10 ವ್ಯಾಟ್ ಎಳೆಯುವ ಬಾಕ್ಸ್ ವರ್ಷಪೂರ್ತಿ ಹಾಗೇ ಇದ್ದರೆ ಸುಮಾರು 88 ಯೂನಿಟ್ ಹೋಯಿತು, ಯಾರೂ ಏನೂ ನೋಡದೆ.

ಬರ್ಕ್ಲಿಯ ಅಲನ್ ಮಯರ್ ಅನ್ನುವ ವಿಜ್ಞಾನಿ ಈ ಸೋರಿಕೆ ಬಗ್ಗೆ ಬಹಳ ಕೆಲಸ ಮಾಡಿದರು. 1999ರಲ್ಲಿ ಅಂತಾರಾಷ್ಟ್ರೀಯ ಇಂಧನ ಏಜೆನ್ಸಿ, ಸ್ಟ್ಯಾಂಡ್‌ಬೈನಲ್ಲಿ, ಅಂದರೆ ರಿಮೋಟ್‌ನಲ್ಲಿ ಆಫ್ ಆಗಿ ಗೋಡೆಯ ಸ್ವಿಚ್ ಆನ್ ಇರುವಾಗ, ಯಾವ ಯಂತ್ರವೂ ಒಂದು ವ್ಯಾಟ್‌ಗಿಂತ ಜಾಸ್ತಿ ಎಳೆಯಬಾರದು ಅನ್ನುವ ಪ್ರಸ್ತಾವ ಮುಂದಿಟ್ಟಿತು. ಯುರೋಪ್ 2010ರಲ್ಲಿ ಒಂದು ವ್ಯಾಟ್, 2013ರಲ್ಲಿ ಅರ್ಧ ವ್ಯಾಟ್ ಗೆರೆ ಹಾಕಿತು. ಡಿಸ್‌ಪ್ಲೇ ಉರಿಯುವ ಯಂತ್ರಗಳಿಗೆ ಇದರ ಎರಡರಷ್ಟು ಬಿಟ್ಟರು. ಕಂಪನಿಗಳು ಒಂದೇ ಸರ್ಕ್ಯೂಟನ್ನು ಎಲ್ಲ ದೇಶಕ್ಕೂ ಬಳಸುವುದರಿಂದ ಅದರ ಲಾಭ ನಮಗೂ ಸಿಕ್ಕಿದೆ. ಹೊಸ ಟಿವಿ, ಚಾರ್ಜರ್‌ಗಳ ಚಿಂತೆ ಕಡಿಮೆ. ಹಳೆಯ ಸೆಟ್‌ಟಾಪ್ ಬಾಕ್ಸ್, ಮ್ಯೂಸಿಕ್ ಸಿಸ್ಟಮ್‌ಗಳ ಸ್ವಿಚ್ ಮಾತ್ರ ಗೋಡೆಯಲ್ಲೇ ಆರಿಸಿ.

ಇಂಥ ನಿಯಮಗಳಿಂದ ಬೆಲೆ ಏರಿ ಬಡವರಿಗೆ ಹೊರೆ ಆಗಲ್ವಾ?

ಮೊದಲ ದಿನಗಳಲ್ಲಿ ಸ್ವಲ್ಪ ಏರಬಹುದು. ಎಲ್ಲರೂ ಅದನ್ನೇ ಮಾಡತೊಡಗಿದ ಮೇಲೆ ಇಳಿಯುತ್ತದೆ. ನಮ್ಮ ಕಣ್ಣೆದುರಿಗೇ ನಡೆದದ್ದು ಎಲ್‌ಇಡಿ ಬಲ್ಬ್. 2014ರಲ್ಲಿ ಸರ್ಕಾರಿ ಕಂಪನಿ ಇಇಎಸ್‌ಎಲ್ ಒಂದು ಬಲ್ಬನ್ನು 310 ರೂಪಾಯಿಗೆ ಕೊಂಡಿತ್ತು. 2015ರ ಜನವರಿಯಲ್ಲಿ ಉಜಾಲಾ ಯೋಜನೆ ಶುರುವಾಯಿತು, ಕರ್ನಾಟಕದಲ್ಲಿ ಅದನ್ನು ಹೊಸ ಬೆಳಕು ಅಂತ ಕರೆದರು. ಕೋಟಿಗಟ್ಟಲೆ ಬಲ್ಬ್‌ಗೆ ಒಟ್ಟಿಗೆ ಟೆಂಡರ್ ಕರೆದಾಗ ಒಂದೆರಡು ವರ್ಷದಲ್ಲೇ ಖರೀದಿ ದರ 38 ರೂಪಾಯಿಗೆ ಬಂತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬ್ ಹಂಚಿಕೆಯಾಯಿತು.

ಬಡವರಿಗೆ ನಿಜವಾದ ಹೊರೆ ಅಗ್ಗದ ಕೆಟ್ಟ ಯಂತ್ರ. ಕೊಳ್ಳುವಾಗ ಉಳಿದ ಸಾವಿರ ರೂಪಾಯಿಯನ್ನು ಹತ್ತು ವರ್ಷ ಬಿಲ್‌ನಲ್ಲಿ ಕಟ್ಟುತ್ತಲೇ ಇರಬೇಕು.

ಹಳೆ ಫ್ರಿಜ್ ಚೆನ್ನಾಗೇ ಓಡುತ್ತಿದೆ. ಊರಿನ ಮನೆಗೆ ಕಳಿಸಲಾ?

ಇಪ್ಪತ್ತು ವರ್ಷದ ಹಳೆ ಫ್ರಿಜ್ ಆಗಿದ್ದರೆ ಬೇಡ. ಬಿಲ್ ನಿಮ್ಮಿಂದ ಅಪ್ಪ ಅಮ್ಮನಿಗೆ ವರ್ಗವಾಗುತ್ತದೆ, ಅಷ್ಟೇ. ಕಳಿಸುವ ಮುಂಚೆ ಒಂದು ವಾರ ಅದರ ಪ್ಲಗ್‌ಗೆ ಸಣ್ಣ ಎನರ್ಜಿ ಮೀಟರ್ ಹಾಕಿ ನೋಡಿ.

ಇದೇ ಕೆಲಸವನ್ನು ಯುರೋಪ್ ಇಡೀ ಘಾನಾ ದೇಶಕ್ಕೆ ಮಾಡಿತ್ತು. ಯುರೋಪಿನ ಮನೆಗಳು ಬೇಡ ಅಂದ ಫ್ರಿಜ್‌ಗಳು ಘಾನಾಕ್ಕೆ ಹಡಗು ತುಂಬಿ ಬರುತ್ತಿದ್ದವು. ಕೊಂಡವರಿಗೆ ಅಗ್ಗ ಅನ್ನಿಸುತ್ತಿತ್ತು, ಆದರೆ ಒಂದೊಂದೂ ಹೊಸದಕ್ಕಿಂತ ಕೆಲವು ಪಟ್ಟು ಕರೆಂಟ್ ಕುಡಿಯುತ್ತಿತ್ತು, ಅದೂ ಕರೆಂಟ್ ಕಡಿತದಿಂದ ನರಳುತ್ತಿದ್ದ ದೇಶದಲ್ಲಿ. ಘಾನಾ 2008ರಲ್ಲಿ ಬಳಸಿದ ಫ್ರಿಜ್, ಎಸಿ ಆಮದು ನಿಲ್ಲಿಸುವ ಕಾನೂನು ಮಾಡಿತು. 2013ರಿಂದ ಬಿಗಿಯಾಗಿ ಜಾರಿಗೆ ತಂದಿತು. ಹಳೆಯದನ್ನು ಕೊಟ್ಟವರಿಗೆ ಹೊಸದರ ಮೇಲೆ ರಿಯಾಯಿತಿಯನ್ನೂ ಕೊಟ್ಟಿತು. ಶ್ರೀಮಂತ ದೇಶಗಳ ಕಸ ನಮಗೆ ಬೇಡ ಅಂತ ಗಟ್ಟಿಯಾಗಿ ಹೇಳಿದ ಆ ಸಣ್ಣ ದೇಶದ ಬಗ್ಗೆ ನನಗೆ ತುಂಬಾ ಗೌರವ.

ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಫ್ರೀ. ನನಗೆ ಇದೆಲ್ಲ ಯಾಕೆ?

2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಫ್ರೀ ಇರುವುದು 200 ಯೂನಿಟ್‌ವರೆಗೆ. ಅದರಲ್ಲೂ ನಿಮ್ಮ ಹಿಂದಿನ ವರ್ಷದ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿದ್ದಾರೆ. ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು. 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದು. ಏಪ್ರಿಲ್ ತಿಂಗಳಲ್ಲಿ 205 ಬಂದ ಮನೆಗೂ 195 ಬಂದ ಮನೆಗೂ ವ್ಯತ್ಯಾಸ ಸಾವಿರ ರೂಪಾಯಿಗೂ ಮೇಲೆ. ಮೇಲಿನ ಲೆಕ್ಕದಲ್ಲಿ ಎರಡು ಫ್ಯಾನ್ ಬದಲಿಸಿದರೆ ತಿಂಗಳಿಗೆ 27 ಯೂನಿಟ್ ಕಡಿಮೆಯಾಗುತ್ತದೆ. ಅಂಚಿನಲ್ಲಿರುವ ಮನೆಗೆ ಅಷ್ಟು ಸಾಕು.

ಲೇಬಲ್ ಮೇಲೆ ಬರೆದಿದ್ದಕ್ಕಿಂತ ಜಾಸ್ತಿ ಯೂನಿಟ್ ಎಳೆಯುತ್ತಿದೆ. ಯಾರಿಗೆ ಹೇಳಬೇಕು?

ಮೊದಲು ಖಚಿತ ಮಾಡಿಕೊಳ್ಳಿ. ಫ್ರಿಜ್ ಗೋಡೆಗೆ ಒತ್ತಿಕೊಂಡಿದೆಯಾ, ಬಾಗಿಲ ರಬ್ಬರ್ ಸಡಿಲವಾಗಿದೆಯಾ ನೋಡಿ. ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಬದಲಿಸಬೇಕು. ಎಸಿಯಾದರೆ ಜಾಲರಿ ತೊಳೆಯಿರಿ, ಹೊರಗಿನ ಘಟಕಕ್ಕೆ ಗಾಳಿ ಆಡುತ್ತಿದೆಯಾ ಗಮನಿಸಿ. ಮನೆಯ ಬಳಕೆ ಲ್ಯಾಬಿನಂತೆ ಇರುವುದಿಲ್ಲ, ಹಾಗಾಗಿ ಒಂದಷ್ಟು ಹೆಚ್ಚುಕಡಿಮೆ ಸಹಜ.

ಆಮೇಲೂ ಅನುಮಾನ ಇದ್ದರೆ ಬಿಇಇಯ ಸ್ಟಾರ್ ಲೇಬಲ್ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ, ಲೇಬಲ್ ಮೇಲಿನ ಅಂಕಿ ಅಲ್ಲಿನದಕ್ಕೆ ತಾಳೆಯಾಗುತ್ತದಾ ನೋಡಿ. ಮಾಡೆಲ್ಲೇ ಸಿಗದಿದ್ದರೆ ಆ ಲೇಬಲ್ ನಕಲಿ ಇರಬಹುದು. ಬಿಲ್, ಲೇಬಲ್‌ನ ಫೋಟೊ, ಮಾಡೆಲ್ ಮತ್ತು ಸೀರಿಯಲ್ ನಂಬರ್ ಸೇರಿಸಿ ಮೊದಲು ಕಂಪನಿಗೆ ಬರೆಯಿರಿ, ಜೊತೆಗೆ ಬಿಇಇಗೂ ಕಳಿಸಿ. ಕರ್ನಾಟಕದಲ್ಲಿ ಈ ಕಾಯ್ದೆಯ ಕೆಲಸ ನೋಡಿಕೊಳ್ಳುವ ಸಂಸ್ಥೆ ಕ್ರೆಡಲ್, ಅಲ್ಲಿಗೂ ದೂರು ಕೊಡಬಹುದು. ಪರಿಹಾರದ ಹಣ ಬೇಕಾದರೆ ಹೋಗಬೇಕಾದ್ದು ಜಿಲ್ಲಾ ಗ್ರಾಹಕರ ಆಯೋಗಕ್ಕೆ. ಲೇಬಲ್ ಕಿತ್ತು ಎಸೆಯುವ ಮುಂಚೆ ಅದರ ಫೋಟೊ ತೆಗೆದು ಬಿಲ್ ಜೊತೆ ಇಟ್ಟುಕೊಂಡಿರಿ.